ಬಾರ್ಲಿ ಇಲ್ಲದ ಬಿಯರ್: ಗ್ಲುಟನ್ ಇಲ್ಲದ ಧಾನ್ಯವನ್ನು ಮನೆಯಲ್ಲೇ ಮಾಲ್ಟ್ ಮಾಡುವುದು ಹೇಗೆ

ಗ್ಲುಟನ್ ಮುಟ್ಟಬೇಡಿ ಎಂದು ವೈದ್ಯರು ಹೇಳಿದಾಗ ಮೊದಲು ತಲೆಗೆ ಬರುವುದು ಬ್ರೆಡ್ಡು, ಬಿಸ್ಕತ್ತು. ಬಿಯರ್ ನೆನಪಾಗುವುದು ಸ್ವಲ್ಪ ತಡವಾಗಿ. ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರಿಗೆ ಇದು ದೊಡ್ಡ ಪೆಟ್ಟು, ಯಾಕೆಂದರೆ ಬಿಯರ್‌ಗೆ ಬೇಕಾದ ಮಾಲ್ಟ್ ಎಂದರೆ ಮೊಳೆಸಿ ಒಣಗಿಸಿದ ಕಾಳು, ಮಾರಾಟಕ್ಕಿರುವ ಮಾಲ್ಟ್‌ನಲ್ಲಿ ಬಹುಪಾಲು ಬಾರ್ಲಿಯದ್ದು, ಉಳಿದದ್ದರಲ್ಲಿ ಹೆಚ್ಚಿನದು ಗೋಧಿ ಮತ್ತು ರೈ (ಗೋಧಿಯನ್ನು ಹೋಲುವ ಒಂದು ಧಾನ್ಯ). ಮೂರೂ ಕೂಡದು. ಗ್ಲುಟನ್ ಇಲ್ಲದ ಮಾಲ್ಟ್ ತಯಾರಿಸುವವರು ತೀರಾ ಕಡಿಮೆ. ಹಾಗಾಗಿ ರಾಗಿ, ಜೋಳ, ಸಜ್ಜೆಯನ್ನು ನಾವೇ ಮೊಳೆಸಿ ಮಾಲ್ಟ್ ಮಾಡಿದರೆ ಹೇಗೆ ಎನ್ನುವ ಪ್ರಶ್ನೆ ಬರುತ್ತದೆ.

ಮಾಡಬಹುದು. ಬಕೆಟ್, ಜರಡಿ, ಅಗಲವಾದ ತಟ್ಟೆಗಳು, ತಕ್ಕಡಿ, ಥರ್ಮಾಮೀಟರ್, ಕಡಿಮೆ ಶಾಖದಲ್ಲಿ ನಿಲ್ಲುವ ಓವನ್ ಅಥವಾ ಡಿಹೈಡ್ರೇಟರ್ ಇದ್ದರೆ ಸಾಕು. ಆದರೆ ಬಾರ್ಲಿಗೆ ಬರೆದ ವಿಧಾನವನ್ನು ಹಾಗೇ ತಂದು ಜೋಳಕ್ಕೆ ಹಾಕಿದರೆ ಕೊನೆಗೆ ಸಿಗುವುದು ಸಿಹಿಯಿಲ್ಲದ ಗಂಜಿ. ಕಾಳು ಚೆನ್ನಾಗಿಯೇ ಮೊಳೆತಿರುತ್ತದೆ, ಕೆಡುವುದು ಶಾಖದ ಲೆಕ್ಕದಲ್ಲಿ. ಅದು ಯಾಕೆ ಅಂತ ಒಮ್ಮೆ ಗೊತ್ತಾದರೆ ಉಳಿದ ಹೆಜ್ಜೆಗಳು ತಾವಾಗಿಯೇ ಅರ್ಥವಾಗುತ್ತವೆ.

ಮೊದಲು, ಗ್ಲುಟನ್ ಎಂದರೇನು?

ಗ್ಲುಟನ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಗೋಧಿ, ಬಾರ್ಲಿ, ರೈ ಕಾಳುಗಳು ಮುಂದೆ ಹುಟ್ಟುವ ಸಸಿಗೆಂದು ಕೂಡಿಟ್ಟ ಕೆಲವು ಪ್ರೋಟೀನ್‌ಗಳನ್ನು ಒಟ್ಟಾಗಿ ಹಾಗೆ ಕರೆಯುತ್ತಾರೆ. ಗೋಧಿಯಲ್ಲಿ ಗ್ಲಿಯಾಡಿನ್ ಮತ್ತು ಗ್ಲುಟೆನಿನ್, ಬಾರ್ಲಿಯಲ್ಲಿ ಹಾರ್ಡೈನ್, ರೈಯಲ್ಲಿ ಸೆಕಾಲಿನ್. ಸೀಲಿಯಾಕ್ ಕಾಯಿಲೆ ಇರುವವರ ದೇಹಕ್ಕೆ ಇವುಗಳ ತುಣುಕು ಸಿಕ್ಕರೂ ಸಾಕು, ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರದ ಮೇಲೇ ತಿರುಗಿ ಬೀಳುತ್ತದೆ. ಮೊಳೆಸಿದರೂ ಕುದಿಸಿದರೂ ಹುಳಿಸಿದರೂ ಬಾರ್ಲಿಯ ಹಾರ್ಡೈನ್ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಗ್ಲುಟನ್ ರಹಿತ ಎನಿಸಿಕೊಳ್ಳಲು ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟನ್ ಇರಬಾರದು.

ಇಲ್ಲೊಂದು ಗೊಂದಲ ಬಗೆಹರಿಸಿಕೊಳ್ಳಬೇಕು. ‘ಗ್ಲುಟನ್ ಕಡಿಮೆ ಮಾಡಿದ’ ಬಿಯರ್ ಎಂದು ಒಂದು ಬಗೆ ಸಿಗುತ್ತದೆ. ಅದು ಬಾರ್ಲಿಯದ್ದೇ. ಹುಳಿಸುವಾಗ ಒಂದು ಕಿಣ್ವ ಹಾಕಿ ಹಾರ್ಡೈನನ್ನು ಸಣ್ಣ ಚೂರುಗಳಾಗಿ ಕತ್ತರಿಸಿರುತ್ತಾರೆ. ಕತ್ತರಿಸಿದ ಚೂರುಗಳನ್ನು ಪರೀಕ್ಷೆಗಳು ಸರಿಯಾಗಿ ಲೆಕ್ಕ ಹಿಡಿಯುತ್ತವೆ ಎನ್ನುವ ಖಾತ್ರಿ ಇಲ್ಲ, ಆದ್ದರಿಂದ ಸೀಲಿಯಾಕ್ ಇರುವವರು ಅದನ್ನು ನಂಬಿಕೊಳ್ಳುವಂತಿಲ್ಲ. ಬಾರ್ಲಿಯನ್ನು ಮುಟ್ಟದೆ ಮಾಡಿದ ಬಿಯರ್ ಬೇರೆಯೇ ಮಾತು, ಈ ಲೇಖನ ಅದರ ಬಗ್ಗೆ.

ಕಾಳನ್ನು ಮೊಳೆಸುವುದಾದರೂ ಯಾಕೆ?

ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗಾಳಿಗುಳ್ಳೆ ಕೊಡುತ್ತದೆ. ಕಾಳಿನಲ್ಲಿ ಇರುವುದು ಸಕ್ಕರೆ ಅಲ್ಲ, ಪಿಷ್ಟ. ಪಿಷ್ಟವನ್ನು ಉದ್ದದ ಮಣಿಸರ ಎಂದುಕೊಳ್ಳಿ. ಒಂದೊಂದು ಮಣಿಯೂ ಗ್ಲೂಕೋಸ್. ಯೀಸ್ಟಿಗೆ ಒಂದು, ಎರಡು, ಹೆಚ್ಚೆಂದರೆ ಮೂರು ಮಣಿಯ ತುಂಡು ತಿನ್ನಲು ಬರುತ್ತದೆ, ಇಡೀ ಸರ ಕೊಟ್ಟರೆ ಸುಮ್ನೆ ಕೂರುತ್ತದೆ.

ಸರ ಕತ್ತರಿಸುವ ಕೆಲಸ ಕಿಣ್ವಗಳದ್ದು. ಕಾಳು ನೆನೆದು ಎಚ್ಚೆತ್ತ ಕೂಡಲೇ ಒಳಗಿನ ಭ್ರೂಣ ಜಿಬ್ಬೆರೆಲಿನ್ ಎಂಬ ಹಾರ್ಮೋನನ್ನು ಹೊರಗೆ ಕಳಿಸುತ್ತದೆ. ಸಿಪ್ಪೆಯ ಕೆಳಗಿರುವ ಅಲ್ಯೂರೋನ್ ಎಂಬ ತೆಳು ಪದರಕ್ಕೆ ಆ ಸುದ್ದಿ ಮುಟ್ಟಿದಾಗ ಅದು ಕಿಣ್ವ ತಯಾರಿಸಲು ಶುರುಮಾಡುತ್ತದೆ. ಸಸಿಗೆ ಊಟ ಒದಗಿಸಲು ಗಿಡವೇ ಮಾಡಿಕೊಂಡ ಏರ್ಪಾಡು ಇದು. ನಾವು ಮಾಡುವುದು ಸ್ವಲ್ಪ ಕಳ್ಳತನ: ಕಿಣ್ವ ತಯಾರಾಗುವವರೆಗೆ ಕಾದು, ಗಿಡ ಪಿಷ್ಟವನ್ನು ತಿಂದು ಮುಗಿಸುವ ಮೊದಲೇ ಕಾಳನ್ನು ಒಣಗಿಸಿ ಬೆಳವಣಿಗೆ ನಿಲ್ಲಿಸುತ್ತೇವೆ. ಹೀಗೆ ಮೊಳೆಸಿ ಒಣಗಿಸಿದ ಕಾಳೇ ಮಾಲ್ಟ್.

ಮುಖ್ಯವಾದ ಕಿಣ್ವಗಳು ಎರಡು. ಆಲ್ಫಾ ಅಮೈಲೇಸ್ ಸರವನ್ನು ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡೇ ಮಣಿ ಬಿಡಿಸುತ್ತದೆ, ಆ ಎರಡು ಮಣಿಯ ತುಂಡೇ ಮಾಲ್ಟೋಸ್, ಯೀಸ್ಟಿಗೆ ಬಿಯರ್‌ನಲ್ಲಿ ಸಿಗುವ ಮುಖ್ಯ ಆಹಾರ. ಬಾರ್ಲಿಯ ಅದೃಷ್ಟ ಏನೆಂದರೆ ಮೊಳೆಯುವ ಮೊದಲೇ ಅದರಲ್ಲಿ ಬೀಟಾ ದಾಸ್ತಾನು ಇರುತ್ತದೆ. ಜೋಳದ ಹಸಿ ಕಾಳಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಮೊಳೆತ ಮೇಲೆ ಹುಟ್ಟುತ್ತದೆ, ಅದೂ ಕಡಿಮೆ. ಆಲ್ಫಾಗೆ ಕೊರತೆಯಿಲ್ಲ. ಹಾಗಾಗಿ ಈ ಧಾನ್ಯಗಳಲ್ಲಿ ಕಿಣ್ವ ಅನ್ನುವುದು ಜೋಪಾನ ಮಾಡಬೇಕಾದ ವಸ್ತು.

ಯಾವ ಕಾಳು ತರಬೇಕು?

ಮೊದಲ ಷರತ್ತು, ಕಾಳು ಜೀವಂತ ಇರಬೇಕು. ಪಾಲಿಶ್ ಮಾಡಿದ ಅಕ್ಕಿಗೆ ಭ್ರೂಣವೇ ಹೋಗಿರುತ್ತದೆ, ಅದು ಮೊಳೆಯುವುದಿಲ್ಲ. ಕುಸುಬಲಕ್ಕಿ ಬೆಂದಿರುತ್ತದೆ, ಅದೂ ಇಲ್ಲ. ಅಕ್ಕಿ ಮಾಲ್ಟ್ ಬೇಕಾದರೆ ಭತ್ತವನ್ನೇ ಮೊಳೆಸಬೇಕು. ನವಣೆ, ಬರಗು ಮುಂತಾದವುಗಳ ಹೊಟ್ಟು ತೆಗೆಯುವಾಗ ಭ್ರೂಣಕ್ಕೂ ಏಟು ಬಿದ್ದಿರುತ್ತದೆ, ಆದ್ದರಿಂದ ಹೊಟ್ಟು ಸಮೇತ ಸಿಕ್ಕರೆ ಮಾತ್ರ ತನ್ನಿ. ಬಕ್‌ವೀಟ್ ಹೆಸರಲ್ಲಿ ವೀಟ್ ಇದ್ದರೂ ಗೋಧಿಯಲ್ಲ, ಗ್ಲುಟನ್ ಇಲ್ಲದ ಬೇರೆಯೇ ಕಾಳು, ಹುರಿದದ್ದಾದರೆ ಅದೂ ಸತ್ತ ಕಾಳು.

ಎರಡನೆಯದು ಇನ್ನೂ ಮುಖ್ಯ. ಬಿತ್ತನೆ ಬೀಜ ಬೇಡವೇ ಬೇಡ. ಚೆನ್ನಾಗಿ ಮೊಳೆಯುತ್ತದಲ್ಲ ಎಂಬ ಆಸೆಗೆ ಬೀಳಬೇಡಿ, ಬಹಳಷ್ಟು ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಗುಲಾಬಿ, ಕೆಂಪು, ನೀಲಿ ಬಣ್ಣ ಕಂಡರೆ ಅದೇ ಗುರುತು.

ಹೊಸಬರಿಗೆ ರಾಗಿ ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಸಿರಿಧಾನ್ಯಗಳ ಪೈಕಿ ಅದರ ಮಾಲ್ಟ್‌ನಲ್ಲಿ ಅಮೈಲೇಸ್ ಚುರುಕಾಗಿರುತ್ತದೆ, ಬೇಗ ಮೊಳೆಯುತ್ತದೆ. ತೊಂದರೆ ಒಂದೇ, ಕಾಳು ತೀರಾ ಸಣ್ಣದು. ಸಾವಿರ ಕಾಳು ತೂಗಿದರೂ 3 ಗ್ರಾಂ ಆಸುಪಾಸು. ಜರಡಿಯ ಕಣ್ಣು ಅದಕ್ಕೆ ತಕ್ಕ ಹಾಗೆ ಸಣ್ಣದಿರಬೇಕು, ಇಲ್ಲದಿದ್ದರೆ ಅರ್ಧ ಕಾಳು ನೀರಿನ ಜೊತೆ ಹೊರಟುಹೋಗುತ್ತದೆ. ಜೋಳ ದೊಡ್ಡ ಕಾಳು, ಕೈಗೆ ಸುಲಭ, ಆದರೆ ಅದಕ್ಕೆ ಬೇರೆ ಎಚ್ಚರಿಕೆ ಇದೆ, ಮುಂದೆ ಹೇಳುತ್ತೇನೆ. ಬಕ್‌ವೀಟ್ ನೆನೆದರೆ ಲೋಳೆ ಬಿಡುತ್ತದೆ, ಮೇಲಿಂದ ಮೇಲೆ ತೊಳೆಯಬೇಕು. ಓಟ್ಸ್‌ನಿಂದ ದೂರ ಇರುವುದೇ ಒಳ್ಳೆಯದು. ಅದರ ಅವೆನಿನ್ ಪ್ರೋಟೀನ್ ಕೆಲವು ಸೀಲಿಯಾಕ್ ರೋಗಿಗಳಿಗೆ ಆಗುವುದಿಲ್ಲ, ಜೊತೆಗೆ ಗೋಧಿ, ಬಾರ್ಲಿ ಬೆರೆತಿರುವ ಸಾಧ್ಯತೆಯೂ ಜಾಸ್ತಿ.

ಚೀಲಗಟ್ಟಲೆ ತರುವ ಮುಂಚೆ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಮಡಚಿಡಿ. ಮೂರು ದಿನದಲ್ಲಿ 90ಕ್ಕಿಂತ ಹೆಚ್ಚು ಮೊಳೆತರೆ ಕಾಳು ಸರಿ ಇದೆ. ಮೊಳೆಯದೆ ಉಳಿದ ಕಾಳು ಕಿಣ್ವ ಕೊಡುವುದಿಲ್ಲ, ಮೇಲಾಗಿ ಬೂಷ್ಟು ಮೊದಲು ಹಿಡಿಯುವುದು ಅದಕ್ಕೇ.

ನೆನೆಸುವುದು

ನೀರು ಸ್ವಚ್ಛವಾಗುವವರೆಗೆ ತೊಳೆದು, ತೇಲುವ ಜೊಳ್ಳು ತೆಗೆದು ನೆನೆಹಾಕಿ. ಒಂದೇ ಸಮನೆ ನೀರಲ್ಲಿ ಮುಳುಗಿಸಿಡಬೇಡಿ. ಎಚ್ಚೆತ್ತ ಕಾಳು ಉಸಿರಾಡುತ್ತದೆ, ಗಾಳಿ ಸಿಗದಿದ್ದರೆ ಸತ್ತು ಹುಳಿ ವಾಸನೆ ಹೊಡೆಯುತ್ತದೆ. ಆರೇಳು ಗಂಟೆ ನೆನೆಸಿ, ನೀರು ಬಸಿದು ಒಂದೆರಡು ಗಂಟೆ ಗಾಳಿಗೆ ಬಿಟ್ಟು, ಮತ್ತೆ ಹೊಸ ನೀರು ಹಾಕಿ. ರಾಗಿ, ಜೋಳ, ಸಜ್ಜೆಗೆ ಒಟ್ಟು ಒಂದು ಹಗಲು ಒಂದು ರಾತ್ರಿ ಸಾಮಾನ್ಯವಾಗಿ ಸಾಕು. ಬಕ್‌ವೀಟಿಗೆ ಅದರ ಅರ್ಧ.

ಸಾಕಾಯಿತೇ ಎಂದು ತಿಳಿಯಲು ತಕ್ಕಡಿ ಬಳಸಿ. ಒಣ ಕಾಳಿನಲ್ಲೂ ಸುಮಾರು ಶೇ. 12 ನೀರು ಇರುತ್ತದೆ, ಅಂದರೆ 1 ಕಿಲೋದಲ್ಲಿ ನಿಜವಾದ ಕಾಳು 880 ಗ್ರಾಂ. ತೇವ ಶೇ. 35ರಿಂದ 40ಕ್ಕೆ ಬರಬೇಕು. ಲೆಕ್ಕ ಹಾಕಿದರೆ ಆ 1 ಕಿಲೋ ನೆನೆದ ಮೇಲೆ 1,350ರಿಂದ 1,470 ಗ್ರಾಂ ತೂಗಬೇಕು. ನೀರು ಚೆನ್ನಾಗಿ ಬಸಿದ ಮೇಲೆ ತೂಗಿ.

ಮೊಳಕೆಯ ದಿನಗಳು

ನೆನೆದ ಕಾಳನ್ನು ತಟ್ಟೆಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಒದ್ದೆ ಬಟ್ಟೆ ಮುಚ್ಚಿ, ಕತ್ತಲಲ್ಲಿ ಇಡಿ. ಬಾರ್ಲಿಗೆ 15ರಿಂದ 18 ಡಿಗ್ರಿ ತಂಪು ಬೇಕು. ಜೋಳ, ರಾಗಿ, ಸಜ್ಜೆ ಸೆಕೆಯ ಬೆಳೆಗಳು, ಅವಕ್ಕೆ 25ರಿಂದ 30 ಡಿಗ್ರಿಯೇ ಹಿತ. ಬಕ್‌ವೀಟ್ ತಂಪಿನ ಕಡೆಯದು, 15ರಿಂದ 20 ಡಿಗ್ರಿ.

ದಿನಕ್ಕೆ ಎರಡು ಮೂರು ಸಲ ಕೈಯಿಂದ ಮೇಲೆ ಕೆಳಗೆ ಮಾಡಿ ನೀರು ಚಿಮುಕಿಸಬೇಕು. ಹೀಗೆ ಮಾಡುವುದಕ್ಕೆ ಎರಡು ಕಾರಣ. ಮೊಳೆಯುವ ಕಾಳು ಬಿಸಿ ಹೊರಹಾಕುತ್ತದೆ, ರಾಶಿಯ ನಡುವೆ ಬೆರಳು ತೂರಿಸಿದರೆ ಬೆಚ್ಚಗಿರುವುದು ಗೊತ್ತಾಗುತ್ತದೆ. ಇನ್ನೊಂದು, ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಹೆಪ್ಪುಗಟ್ಟಿದರೆ ಆಮೇಲೆ ಬಿಡಿಸಲು ಆಗುವುದಿಲ್ಲ.

ಎರಡನೇ ದಿನ ಅನೇಕರು ಗಾಬರಿಯಾಗುವ ಒಂದು ದೃಶ್ಯ ಕಾಣುತ್ತದೆ. ಬೇರಿನ ಸುತ್ತ ಬಿಳಿ ನವಿರು. ಬೂಷ್ಟು ಬಂತು ಎಂದು ಎಲ್ಲವನ್ನೂ ಚೆಲ್ಲಿಬಿಡುತ್ತಾರೆ. ತಡೆಯಿರಿ, ಹತ್ತಿರದಿಂದ ನೋಡಿ. ನವಿರು ಬೇರಿಗೇ ಅಂಟಿಕೊಂಡು ಸುತ್ತಲೂ ಒಂದೇ ಸಮ ಇದ್ದು, ನೀರು ಚಿಮುಕಿಸಿದ ಕೂಡಲೇ ಬೇರಿಗೆ ಒತ್ತಿಕೊಂಡು ಕಾಣದಂತಾದರೆ ಅದು ಬೇರುಗೂದಲು, ಆರೋಗ್ಯದ ಲಕ್ಷಣ. ಒಂದು ಕಾಳಿನಿಂದ ಇನ್ನೊಂದಕ್ಕೆ ಬಲೆ ಹಬ್ಬಿದ್ದರೆ, ಬೂದು, ಹಸಿರು, ಕಪ್ಪು ಅಥವಾ ಗುಲಾಬಿ ಛಾಯೆ ಇದ್ದರೆ, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಆಗ ದಯೆ ದಾಕ್ಷಿಣ್ಯ ಬೇಡ, ಇಡೀ ತಟ್ಟೆ ಹೊರಗೆ. ಕೆಲವು ಬೂಷ್ಟುಗಳು ಬಿಡುವ ವಿಷ, ಉದಾಹರಣೆಗೆ ಅಫ್ಲಾಟಾಕ್ಸಿನ್, ಕುದಿಸಿದರೂ ಹೋಗುವುದಿಲ್ಲ. ಮೇಲಿನದ್ದು ತೆಗೆದು ಉಳಿದದ್ದು ಬಳಸುತ್ತೇನೆ ಎನ್ನುವ ಲೆಕ್ಕ ನಡೆಯದು.

ಯಾವಾಗ ನಿಲ್ಲಿಸಬೇಕು? ಸಾಮಾನ್ಯವಾಗಿ ಮೂರರಿಂದ ಐದು ದಿನ. ಒಂದು ಕಾಳನ್ನು ಬೆರಳುಗಳ ನಡುವೆ ಹಿಸುಕಿ ನೋಡಿ. ಒಳಗೆ ಗಟ್ಟಿ ತಿರುಳು ಸಿಗದೆ ಹಿಟ್ಟಾಗಿ ಸವರಿಕೊಂಡರೆ ಕಿಣ್ವಗಳು ಕೆಲಸ ಮಾಡಿವೆ ಎಂದರ್ಥ. ಇನ್ನೆರಡು ದಿನ ಬಿಟ್ಟರೆ ಇನ್ನೂ ಚೆನ್ನಾಗುತ್ತದಲ್ವಾ ಎಂದರೆ, ಇಲ್ಲ. ಗಿಡ ತನ್ನ ಊಟ ಮುಂದುವರಿಸುತ್ತದೆ, ನಮ್ಮ ಪಾಲು ಕರಗುತ್ತದೆ. ಜೋಳದಲ್ಲಿ ಮೊಳಕೆ, ಬೇರು, ಉಸಿರಾಟಕ್ಕೇ ಶೇ. 10ರಿಂದ 25ರವರೆಗೆ ತೂಕ ಹೋಗುವುದುಂಟು.

ಒಣಗಿಸುವುದು: ಅವಸರ ಪಟ್ಟರೆ ಕೆಟ್ಟಿತು

ಕಿಣ್ವವೂ ಪ್ರೋಟೀನೇ, ಬಿಸಿ ತಾಗಿದರೆ ಹಾಳಾಗುತ್ತದೆ. ಒದ್ದೆ ಇದ್ದಾಗ ಬೇಗ ಹಾಳಾಗುತ್ತದೆ, ಒಣಗಿದ ಮೇಲೆ ಅದೇ ಬಿಸಿಯನ್ನು ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತದೆ. ಆದ್ದರಿಂದ ಮೊದಲು 40-45 ಡಿಗ್ರಿಯಲ್ಲಿ ಗಾಳಿಯಾಡಿಸುತ್ತಾ, ತೇವ ಶೇ. 10-12ಕ್ಕೆ ಇಳಿಯುವ ತನಕ ನಿಧಾನಕ್ಕೆ ಒಣಗಿಸಿ. ಇದಕ್ಕೆ ಅರ್ಧ ದಿನ, ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ಆಮೇಲೆ 55-60 ಡಿಗ್ರಿಗೆ ಏರಿಸಿ ಕೆಲವು ಗಂಟೆ ಬಿಡಿ. ಓವನ್ ಕನಿಷ್ಠ ಶಾಖವೇ ಹೆಚ್ಚಾಗಿದ್ದರೆ ಬಾಗಿಲು ಅರೆತೆರೆದಿಟ್ಟು ಥರ್ಮಾಮೀಟರನ್ನು ಕಾಳಿನೊಳಗೇ ಹುಗಿದು ನೋಡುತ್ತಿರಿ, ಓವನ್ನಿನ ಗುಂಡಿ ತೋರಿಸುವ ಅಂಕೆಯನ್ನು ನಂಬಬೇಡಿ. ಬಿಸಿಲಲ್ಲೂ ಒಣಗಿಸಬಹುದು, ಕಿಣ್ವಕ್ಕೆ ಅದು ಒಳ್ಳೆಯದೇ, ಗಾಳಿಯಲ್ಲಿ ತೇವ ಇದ್ದರೆ ಮಾತ್ರ ಬೂಷ್ಟಿನ ಭಯ.

ಒಣಗಿದ ಕಾಳು ಹಲ್ಲಿಗೆ ಕೊಟ್ಟರೆ ಕಟಕ್ಕನೆ ಒಡೆಯಬೇಕು. 1 ಕಿಲೋದಿಂದ ಶುರುಮಾಡಿದ್ದರೆ ಬೇರು ತೆಗೆದ ಮೇಲೆ ಸುಮಾರು 800 ಗ್ರಾಂ ಉಳಿದೀತು. ಇನ್ನೂ ಬೆಚ್ಚಗಿರುವಾಗಲೇ ಬಟ್ಟೆಯ ಚೀಲಕ್ಕೆ ಹಾಕಿ ಉಜ್ಜಿದರೆ ಬೇರು, ಮೊಳಕೆ ಪುಡಿಯಾಗಿ ಬೀಳುತ್ತವೆ. ಮೊರದಲ್ಲಿ ಕೇರಿ ತೆಗೆಯಿರಿ, ಬಿಟ್ಟರೆ ಕಹಿ. ಗಾಳಿಯಾಡದ ಡಬ್ಬದಲ್ಲಿ ಒಂದೆರಡು ವಾರ ಇಟ್ಟು ಬಳಸಿದರೆ ಹಸಿ ವಾಸನೆ ಕಡಿಮೆಯಾಗುತ್ತದೆ.

ಬಣ್ಣಕ್ಕೆ, ಘಮಕ್ಕೆ ಅಂತ ಸ್ವಲ್ಪ ಮಾಲ್ಟನ್ನು 120-160 ಡಿಗ್ರಿಯಲ್ಲಿ ಹುರಿದುಕೊಳ್ಳಬಹುದು. ಹುರಿದದ್ದರಲ್ಲಿ ಕಿಣ್ವ ಉಳಿಯುವುದಿಲ್ಲ, ಅದು ರುಚಿಗೆ ಮಾತ್ರ ಎಂಬ ನೆನಪಿರಲಿ.

ಜೋಳದ ಮೊಳಕೆಯಲ್ಲಿ ವಿಷ ಇದೆ

ಜೋಳ ಮೊಳೆಯುವಾಗ ಡರಿನ್ ಎಂಬ ವಸ್ತು ಹುಟ್ಟುತ್ತದೆ. ಮೊಳಕೆ ಜಜ್ಜಿಹೋದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಬಿಡುತ್ತದೆ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದೂ ಇದರಿಂದಲೇ. ಡರಿನ್ ಹೆಚ್ಚಾಗಿ ಇರುವುದು ಮೊಳಕೆ ಮತ್ತು ಬೇರಿನಲ್ಲಿ. ಹಾಗಾಗಿ ಜೋಳದ ಮಟ್ಟಿಗೆ ಉಜ್ಜಿ ಕೇರುವುದು ರುಚಿಯ ಪ್ರಶ್ನೆ ಅಲ್ಲ, ಬಿಡಲಾಗದ ಹೆಜ್ಜೆ. ಮೊಳಕೆ ಚೂರೂ ಉಳಿಯದಂತೆ ತೆಗೆಯಿರಿ, ತೆಗೆದದ್ದನ್ನು ದನ, ಕೋಳಿಗೆ ಹಾಕಬೇಡಿ, ಮೊಳೆತ ಜೋಳವನ್ನು ಹಸಿಯಾಗಿ ಬಾಯಿಗೆ ಹಾಕಿಕೊಳ್ಳಬೇಡಿ. ಇಷ್ಟು ಎಚ್ಚರ ಕಷ್ಟ ಎನ್ನಿಸಿದರೆ ರಾಗಿಯನ್ನೇ ಆರಿಸಿಕೊಳ್ಳಿ.

ನಿಜವಾದ ತೊಡಕು: ಎರಡು ತಾಪಮಾನಗಳ ಜಗಳ

ಈಗ ಮ್ಯಾಶ್, ಅಂದರೆ ಮಾಲ್ಟ್ ಪುಡಿಯನ್ನು ಬಿಸಿ ನೀರಲ್ಲಿಟ್ಟು ಪಿಷ್ಟವನ್ನು ಸಕ್ಕರೆ ಮಾಡುವ ಹಂತ. ಹಸಿ ಪಿಷ್ಟ ಬಿಗಿಯಾದ ಹರಳಾಗಿ ಕೂತಿರುತ್ತದೆ, ಅದು ಬೆಂದು ಅರಳಿದರೆ ಮಾತ್ರ ಕಿಣ್ವಕ್ಕೆ ಒಳಗೆ ಹೋಗಲು ದಾರಿ. ಬಾರ್ಲಿಯ ಪಿಷ್ಟ 60-65 ಡಿಗ್ರಿಯಲ್ಲೇ ಬೇಯುತ್ತದೆ. ಆ ಬಿಸಿಯಲ್ಲಿ ಆಲ್ಫಾ, ಬೀಟಾ ಎರಡೂ ಬದುಕಿರುತ್ತವೆ. ನೀರು, ಪುಡಿ ಬೆರೆಸಿ 65 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟರೆ ಕೆಲಸ ಮುಗಿಯಿತು.

ಜೋಳದ ಪಿಷ್ಟ ಬೇಯಲು ಸುಮಾರು 67ರಿಂದ 78 ಡಿಗ್ರಿ ಬೇಕು. ಸಿರಿಧಾನ್ಯಗಳದ್ದೂ ಹೆಚ್ಚುಕಡಿಮೆ ಇದೇ ಕಥೆ, ಕೆಲವು ಅಕ್ಕಿ ತಳಿಗಳಿಗೆ ಇನ್ನೂ ಹೆಚ್ಚು ಬಿಸಿ ಬೇಕು. ಬೀಟಾ ಅಮೈಲೇಸ್ 65 ದಾಟುತ್ತಿದ್ದಂತೆ ಸೋಲುತ್ತದೆ, ಆಲ್ಫಾ 70ರ ಮೇಲೆ ತತ್ತರಿಸುತ್ತದೆ. ಅಂದರೆ ಕಿಣ್ವ ಬದುಕಿರುವಾಗ ಪಿಷ್ಟ ಬೆಂದಿರುವುದಿಲ್ಲ, ಪಿಷ್ಟ ಬೇಯುವಷ್ಟರಲ್ಲಿ ಕಿಣ್ವ ಸತ್ತಿರುತ್ತದೆ. ಬಾರ್ಲಿಯ ವಿಧಾನ ಇಲ್ಲಿ ಕೈಕೊಡುವುದು ಇದಕ್ಕೇ.

ಪರಿಹಾರ ಸರಳ: ಇಬ್ಬರನ್ನೂ ಬೇರೆ ಮಾಡಿ. ಮಾಲ್ಟನ್ನು ಸಣ್ಣ ರವೆಯಷ್ಟು ನುಚ್ಚು ಮಾಡಿ, ಕಿಲೋಗೆ 4 ಲೀಟರ್‌ನಂತೆ 45 ಡಿಗ್ರಿ ನೀರಿಗೆ ಬೆರೆಸಿ ಅರ್ಧ ಗಂಟೆ ಬಿಡಿ. ಕಿಣ್ವಗಳು ನೀರಿಗೆ ಇಳಿಯುತ್ತವೆ, ನುಚ್ಚು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮೂರರಲ್ಲಿ ಒಂದು ಪಾಲಿನಷ್ಟು ಮೆಲ್ಲಗೆ ಬಸಿದು ದೊಡ್ಡ ಪಾತ್ರೆಯಲ್ಲಿ ಪಕ್ಕಕ್ಕಿಡಿ. ಈ ಮಬ್ಬು ನೀರೇ ನಿಮ್ಮ ಆಸ್ತಿ. ಕೆಳಗಿನ ನುಚ್ಚನ್ನು ಮಾತ್ರ ಒಲೆಗೇರಿಸಿ, ತಳ ಹಿಡಿಯದಂತೆ ತಿರುವುತ್ತಾ, ಬೇಕಾದರೆ ನೀರು ಸೇರಿಸಿ 20-30 ನಿಮಿಷ ಕುದಿಸಿ. ಅಲ್ಲಿರುವ ಕಿಣ್ವ ಸಾಯುತ್ತದೆ, ಸಾಯಲಿ.

ಆಮೇಲೆ ಅದನ್ನು 80 ಡಿಗ್ರಿಗೆ ಆರಿಸಿ ತಿಳಿಯ ಜೊತೆ ಸೇರಿಸಬೇಕು. ಇಲ್ಲಿ ಕ್ರಮ ಮುಖ್ಯ. ತಿಳಿಯನ್ನು ಬಿಸಿ ಗಂಜಿಗೆ ಸುರಿದರೆ ಮೊದಲು ಬಿದ್ದ ಕಿಣ್ವ ಅಲ್ಲೇ ಬೆಂದುಹೋಗುತ್ತದೆ. ಗಂಜಿಯನ್ನೇ ಸೌಟು ಸೌಟಾಗಿ ತಿಳಿಗೆ ಹಾಕಿ ಕಲಸುತ್ತಾ ಹೋಗಿ, ಬಿಸಿ ಕೆಳಗಿನಿಂದ ಮೇಲಕ್ಕೆ ಏರಲಿ. 80 ಡಿಗ್ರಿಯ 6 ಲೀಟರ್ ಗಂಜಿ, 35 ಡಿಗ್ರಿಯ 3 ಲೀಟರ್ ತಿಳಿ ಸೇರಿದರೆ ಹತ್ತಿರ ಹತ್ತಿರ 65 ಡಿಗ್ರಿ ಬರುತ್ತದೆ, ನಮಗೆ ಬೇಕಾದ್ದೂ ಅದೇ. ಪಾತ್ರೆಗೆ ಕಂಬಳಿ ಸುತ್ತಿ ಒಂದೂವರೆ ಎರಡು ಗಂಟೆ ಬಿಡಿ. ಗಟ್ಟಿ ಗಂಜಿ ಕಣ್ಣೆದುರೇ ನೀರಾಗುವುದು ನೋಡಲು ಮಜವಾಗಿರುತ್ತದೆ. ಆಲ್ಫಾ ಅಮೈಲೇಸ್‌ಗೆ ಕ್ಯಾಲ್ಸಿಯಂ ಆಸರೆ ಬೇಕು, ನೀರು ತೀರಾ ಮೆದುವಾಗಿದ್ದರೆ ಬಿಯರ್‌ಗೆಂದೇ ಸಿಗುವ ಜಿಪ್ಸಂ ಒಂದು ಚಿಟಿಕೆ ಹಾಕುತ್ತಾರೆ.

ಮುಗಿಯಿತೇ ಎಂದು ಅಯೋಡಿನ್ ಹೇಳುತ್ತದೆ. ನುಚ್ಚಿಲ್ಲದ ತಿಳಿಯ ಒಂದು ಹನಿಯನ್ನು ಬಿಳಿ ತಟ್ಟೆಗೆ ಹಾಕಿ ಅಯೋಡಿನ್ ಬಿಡಿ. ಕಡುನೀಲಿ ಆದರೆ ಪಿಷ್ಟ ಇನ್ನೂ ಉಳಿದಿದೆ, ಅಯೋಡಿನ್ನಿನ ಕಂದು ಬಣ್ಣವೇ ಉಳಿದರೆ ಮುಗಿದಿದೆ. ಆ ಹನಿಯನ್ನು ಚೆಲ್ಲಿ, ಪಾತ್ರೆಗೆ ವಾಪಸ್ ಹಾಕಬೇಡಿ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಕೊಂಡು ತರುವ ಕಿಣ್ವಗಳಿವೆ. ಬ್ಯಾಕ್ಟೀರಿಯಾದಿಂದ ಪಡೆದ, ಶಾಖ ತಡೆಯುವ ಆಲ್ಫಾ ಅಮೈಲೇಸ್ 80-90 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ, ಆಮೇಲೆ 60 ಡಿಗ್ರಿ ಹೊತ್ತಿಗೆ ಗ್ಲುಕೋಅಮೈಲೇಸ್ ಹಾಕಿದರೆ ಉಳಿದ ತುಂಡುಗಳೂ ಗ್ಲೂಕೋಸ್ ಆಗುತ್ತವೆ. ಅತಿಯಾದರೆ ಬಿಯರ್ ತೆಳ್ಳಗೆ ನೀರುನೀರಾಗುತ್ತದೆ. ಮನೆಯ ಮಾಲ್ಟ್‌ನ ಕಿಣ್ವ ಸಾಲದಿದ್ದಾಗ ಇವನ್ನು ಸ್ವಲ್ಪ ಬೆರೆಸುವುದು ಮೋಸವೇನಲ್ಲ.

ಸೋಸುವಾಗ ಇನ್ನೊಂದು ಕಿರಿಕಿರಿ. ಬಾರ್ಲಿಯ ಹೊಟ್ಟು ತಾನೇ ಜರಡಿಯಾಗಿ ನಿಲ್ಲುತ್ತದೆ, ರಾಗಿ, ಜೋಳಕ್ಕೆ ಆ ಹೊಟ್ಟಿಲ್ಲ. ತೊಳೆದ ಭತ್ತದ ಹೊಟ್ಟು ಬೆರೆಸಿ ಸೋಸಿ, ಅಥವಾ ಮ್ಯಾಶನ್ನೇ ಬಟ್ಟೆಯ ಚೀಲದಲ್ಲಿ ಮಾಡಿ ಎತ್ತಿಬಿಡಿ. ಸೋಸಿದ ಸಿಹಿ ನೀರೇ ವರ್ಟ್. ಅಲ್ಲಿಂದಾಚೆ ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂ) ಹಾಕಿ ಕುದಿಸುವುದು, ಆರಿಸಿ ಯೀಸ್ಟ್ ಹಾಕುವುದು ಎಲ್ಲ ಬಿಯರ್‌ಗೂ ಒಂದೇ. ಈ ವರ್ಟ್‌ನಲ್ಲಿ ಯೀಸ್ಟಿಗೆ ಬೇಕಾದ ಸಾರಜನಕ ಸಾಲದೆ ಹೋಗಬಹುದು, ಅದಕ್ಕೆ ಯೀಸ್ಟ್ ಪೋಷಕ ಪುಡಿ ಹಾಕಿ.

ಗ್ಲುಟನ್ ಹಿಂಬಾಗಿಲಿನಿಂದ ಬರುವುದು

ಕಾಳು ಶುದ್ಧವಾಗಿದ್ದರೂ ಗ್ಲುಟನ್ ಬೇರೆ ದಾರಿಯಲ್ಲಿ ನುಸುಳುತ್ತದೆ. ‘ಡಯಾಸ್ಟಾಟಿಕ್ ಮಾಲ್ಟ್ ಪುಡಿ’ ಎಂದರೆ ಕಿಣ್ವ ಉಳಿಸಿಕೊಂಡ ಮಾಲ್ಟ್, ಅದು ಸಾಮಾನ್ಯವಾಗಿ ಬಾರ್ಲಿಯೇ. ಮಾರಾಟದ ಬೀಟಾ ಅಮೈಲೇಸನ್ನು ಹಲವು ಕಡೆ ಬಾರ್ಲಿಯಿಂದ ತೆಗೆಯುತ್ತಾರೆ. ದ್ರವ ರೂಪದ ಯೀಸ್ಟನ್ನು ಬಾರ್ಲಿ ವರ್ಟ್‌ನಲ್ಲಿ ಬೆಳೆಸಿರಬಹುದು, ಒಣ ಯೀಸ್ಟಿನಲ್ಲಿ ಗ್ಲುಟನ್ ರಹಿತ ಎಂದು ನಮೂದಿಸಿದ್ದು ಸಿಗುತ್ತದೆ. ಹಿಂದೆ ಬಾರ್ಲಿ ಬಿಯರ್ ಮಾಡುತ್ತಿದ್ದವರು ಅದೇ ಗಿರಣಿ, ಮರದ ಸೌಟು, ಗೀರುಬಿದ್ದ ಪ್ಲಾಸ್ಟಿಕ್ ಡ್ರಮ್ಮು, ಸೋಸುವ ಚೀಲ ಬಳಸಬಾರದು, ಇವುಗಳನ್ನು ಎಷ್ಟು ತೊಳೆದರೂ ಪುಡಿ ಉಳಿಯುತ್ತದೆ. ಸ್ಟೀಲ್ ಪಾತ್ರೆಯನ್ನು ಉಜ್ಜಿ ತೊಳೆದು ಬಳಸಬಹುದು. ಗಿರಣಿಗೆ ಕೊಟ್ಟು ನುಚ್ಚು ಮಾಡಿಸುವುದಾದರೆ ಅಲ್ಲಿ ಮುಂಚೆ ಏನು ಬೀಸಿದ್ದರು ಎಂದು ಕೇಳಿ. ಗೋಧಿ ಎಂದರೆ ನಿಮ್ಮ ಮಾಲ್ಟನ್ನು ಮನೆಗೆ ವಾಪಸ್ ತಂದು ಮಿಕ್ಸಿಯಲ್ಲೇ ತರಿತರಿಯಾಗಿ ತಿರುಗಿಸಿಕೊಳ್ಳಿ. ಮನೆಯಲ್ಲಿ ಬಿಯರ್ ಮಾಡಲು ಕೆಲವು ಕಡೆ ಪರವಾನಗಿ ಬೇಕು, ಕೆಲವು ಕಡೆ ಅನುಮತಿಯೇ ಇಲ್ಲ. ಕಾಳು ನೆನೆಹಾಕುವ ಮೊದಲೇ ಅದನ್ನೂ ವಿಚಾರಿಸಿಕೊಳ್ಳಿ.